ಫಿಕ್ಸರ್‌ನಲ್ಲಿ ಫಿಲ್ಮ್ ಎಷ್ಟು ನಿಮಿಷ ಇರಬೇಕು? ಬಾಟಲಿ ಒಂದು ಹೇಳುತ್ತದೆ, ನೆಗೆಟಿವ್ ಇನ್ನೊಂದು

ಹೊಸರೀಲು (ಮೈಸೂರು), ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮನೆಯ ಬಚ್ಚಲಿನಲ್ಲಿ ಕಪ್ಪು-ಬಿಳುಪು ಫಿಲ್ಮ್ ತೊಳೆಯಲು ಶುರು ಮಾಡಿ ಐದು ತಿಂಗಳಾಯಿತು. ಇದುವರೆಗೆ ಏಳು ರೋಲ್ ಫೋಮಾಪ್ಯಾನ್ 100 ತೊಳೆದಿದ್ದೇನೆ. ಎಲ್ಲಕ್ಕೂ ಫಿಕ್ಸರ್‌ನಲ್ಲಿ (ಡೆವಲಪರ್ ಮೂಡಿಸಿದ ಚಿತ್ರವನ್ನು ಅಳಿಯದಂತೆ ನಿಲ್ಲಿಸುವ ದ್ರಾವಣ) ಮೂರು ನಿಮಿಷ, ಒಂದು ದಿನವೂ ತೊಂದರೆಯಾಗಿರಲಿಲ್ಲ. ಇವತ್ತು ಮೊದಲ ಬಾರಿಗೆ ಕೊಡ್ಯಾಕ್ ಟಿ-ಮ್ಯಾಕ್ಸ್ 400 ತೊಳೆದೆ. ಅದೇ ಟ್ಯಾಂಕು, ಅದೇ ಫಿಕ್ಸರ್, ಅದೇ ಮೂರು ನಿಮಿಷ. ಹೊರಗೆ ತೆಗೆದು ನೋಡಿದರೆ ಫಿಲ್ಮ್ ಪೂರ್ತಿ ಗುಲಾಬಿ ಬಣ್ಣ. ಅದರ ಮೇಲೆ ನೀರು ಮಜ್ಜಿಗೆ ಸುರಿದ ಹಾಗೆ ತೆಳ್ಳಗೆ ಬಿಳಿ ಮಂಜು. ಎರಡು ಚಿತ್ರಗಳ ನಡುವೆ ಮೊಟ್ಟೆಯಾಕಾರದ ಒಂದು ದಪ್ಪ ಬಿಳಿ ಕಲೆ ಬೇರೆ.

ಫಿಕ್ಸರ್ ಬಾಟಲಿಯ ಮೇಲೆ "2ರಿಂದ 5 ನಿಮಿಷ" ಎಂದಿದೆ. ಒಂದು ವಿಡಿಯೊದಲ್ಲಿ ಹತ್ತು ನಿಮಿಷ ಎನ್ನುತ್ತಾರೆ. ಜಾಸ್ತಿ ಹೊತ್ತು ಇಟ್ಟರೆ ಚಿತ್ರವೇ ಕರಗಿ ಹೋಗುತ್ತದೆ ಎಂದು ಗೆಳೆಯನೊಬ್ಬ ಹೆದರಿಸಿದ್ದಾನೆ. ಯಾರ ಮಾತು ಕೇಳಬೇಕು? ಆ ರೋಲಿನಲ್ಲಿ ಅಜ್ಜಿ ತಾರಸಿಯ ಮೇಲೆ ಸಂಡಿಗೆ ಇಡುತ್ತಿರುವ ಚಿತ್ರಗಳಿವೆ. ದಯವಿಟ್ಟು ಯಾರಾದರೂ ಬೇಗ ಉತ್ತರಿಸಿ.

ಗಡಿಯಾರ (ಬೆಂಗಳೂರು), ರಾತ್ರಿ 9:52

ಐದು ನಿಮಿಷ. ಯಾವ ಫಿಲ್ಮ್ ಆದರೂ ಐದು ನಿಮಿಷ. ಹನ್ನೊಂದು ವರ್ಷಗಳಿಂದ ಹೀಗೇ ಮಾಡುತ್ತಿದ್ದೇನೆ. ಇದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ತುಂಗಾತೀರ (ತೀರ್ಥಹಳ್ಳಿ), ರಾತ್ರಿ 10:05

ತಮ್ಮಾ, ಚರ್ಚೆ ಆಮೇಲೆ ಮಾಡೋಣ. ಮೊದಲು ಎದ್ದು ಹೋಗಿ ಆ ಫಿಲ್ಮನ್ನು ಮತ್ತೆ ಫಿಕ್ಸರ್‌ಗೆ ಹಾಕಿ. ಒಣಗಿದ್ದರೆ ಎರಡು ನಿಮಿಷ ನೀರಿನಲ್ಲಿ ನೆನೆಸಿ, ಆಮೇಲೆ ಹಾಕಿ. ಹೊಸ ಫಿಕ್ಸರ್ ಇದ್ದರೆ ಹೊಸದನ್ನೇ ಬಳಸಿ, ಹಳೆಯದನ್ನು ಮುಟ್ಟಬೇಡಿ. ಏನೂ ಹಾಳಾಗಿಲ್ಲ.

ನಾನು 1974ರಲ್ಲಿ ಸ್ಟುಡಿಯೊ ಕೆಲಸಕ್ಕೆ ಸೇರಿದಾಗ ನಮ್ಮ ಯಜಮಾನರು ನಿಮಿಷದ ಲೆಕ್ಕ ಹೇಳಿಕೊಡಲೇ ಇಲ್ಲ. "ಹಾಲು ಹೋಗಲಿ, ಹೋದ ಮೇಲೆ ಇನ್ನೂ ಅಷ್ಟೇ ಹೊತ್ತು ಇರಲಿ" ಎನ್ನುತ್ತಿದ್ದರು. ನೀವು ಮಜ್ಜಿಗೆ ಎಂದಿರಲ್ಲ, ಅದನ್ನೇ ನಾವು ಹಾಲು ಎನ್ನುತ್ತಿದ್ದೆವು. ಹಾಲು ಕಾಣುತ್ತಿದೆ ಎಂದರೆ ಫಿಕ್ಸ್ ಆಗಿಲ್ಲ, ಅಷ್ಟೇ.

ಹೊಸರೀಲು, ರಾತ್ರಿ 10:09

ಸರ್, ಆದರೆ ನಾನು ಆಗಲೇ ದೀಪ ಹಾಕಿ ನೋಡಿಬಿಟ್ಟಿದ್ದೇನೆ. ಅರ್ಧ ಗಂಟೆ ಬಚ್ಚಲಿನ ಹಗ್ಗಕ್ಕೆ ನೇತುಹಾಕಿದ್ದೆ. ಫಿಕ್ಸ್ ಆಗದ ಭಾಗಕ್ಕೆ ಬೆಳಕು ಬಿದ್ದು ಕಪ್ಪಾಗುವುದಿಲ್ಲವೇ?

ತುಂಗಾತೀರ, ರಾತ್ರಿ 10:11

ಆಗುವುದಿಲ್ಲ. ಹೋಗಿ ಹಾಕಿ.

ಧಾರವಾಡದ ಮೇಷ್ಟ್ರು, ರಾತ್ರಿ 10:48

ಹಿರಿಯರ ಮಾತು ಸರಿ. ಕಾರಣವನ್ನು ನಾನು ಹೇಳುತ್ತೇನೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನಿಗೆ ಇಂಥ ಅವಕಾಶ ದಿನವೂ ಸಿಗುವುದಿಲ್ಲ.

ಫಿಲ್ಮ್ ಮೇಲಿನ ಜಿಲೆಟಿನ್ ಪದರದಲ್ಲಿ ಬೆಳ್ಳಿಯ ಲವಣಗಳ ಹರಳುಗಳಿರುತ್ತವೆ. ಹೆಚ್ಚಿನ ಪಾಲು ಬೆಳ್ಳಿಯ ಬ್ರೋಮೈಡ್, ಸ್ವಲ್ಪ ಅಯೋಡೈಡ್. ಬೆಳಕು ಬಿದ್ದ ಹರಳುಗಳನ್ನು ಡೆವಲಪರ್ ಕಪ್ಪು ಬೆಳ್ಳಿಯಾಗಿ ಮಾಡುತ್ತದೆ. ಬೆಳಕು ಬೀಳದ ಹರಳುಗಳು ಹಾಗೆಯೇ ಬಿಳಿಯಾಗಿ ಉಳಿಯುತ್ತವೆ. ನೀವು ನೋಡಿದ ಮಜ್ಜಿಗೆ ಅದೇ. ಅದರ ಮೇಲೆ ಈಗ ಬೆಳಕು ಬಿದ್ದರೂ ಅದನ್ನು ಕಪ್ಪಾಗಿಸಲು ಡೆವಲಪರ್ ಬೇಕು. ಡೆವಲಪರ್ ಎಂದೋ ತೊಳೆದು ಹೋಗಿದೆ. ದಿನಗಟ್ಟಲೆ ಬಿಸಿಲಿಗೆ ಒಡ್ಡಿದರೆ ತಾನಾಗಿಯೇ ಕಂದು ಬಣ್ಣಕ್ಕೆ ತಿರುಗೀತು. ಅರ್ಧ ಗಂಟೆಯ ಬಚ್ಚಲ ದೀಪಕ್ಕೆ ಏನೂ ಆಗುವುದಿಲ್ಲ.

ಫಿಕ್ಸರ್‌ನಲ್ಲಿರುವ ಥಯೋಸಲ್ಫೇಟ್ ಈ ಬಿಳಿ ಲವಣವನ್ನು ಕರಗಿಸುತ್ತದೆ. ಆದರೆ ಒಂದೇ ಏಟಿಗೆ ಅಲ್ಲ. ಮೊದಲು ಬೆಳ್ಳಿಯೂ ಥಯೋಸಲ್ಫೇಟೂ ಕೂಡಿ ನೀರಿನಲ್ಲಿ ಸರಿಯಾಗಿ ಕರಗದ ಒಂದು ಸಂಯುಕ್ತವಾಗುತ್ತದೆ. ಅದಕ್ಕೆ ಇನ್ನಷ್ಟು ಥಯೋಸಲ್ಫೇಟ್ ಸೇರಿದಾಗ ಮಾತ್ರ ಸುಲಭವಾಗಿ ಕರಗಿ ಹೊರಗೆ ಹೋಗುತ್ತದೆ. ಮೊದಲ ಹಂತ ಮುಗಿಯುವಾಗಲೇ ಫಿಲ್ಮ್ ಕಣ್ಣಿಗೆ ಪಾರದರ್ಶಕವಾಗಿ ಕಾಣಿಸುವುದುಂಟು. ಆಗಲೇ ಹೊರಗೆ ತೆಗೆದರೆ ಆ ಅರೆಬರೆ ಸಂಯುಕ್ತ ಜಿಲೆಟಿನ್‌ನಲ್ಲಿ ಕುಳಿತುಬಿಡುತ್ತದೆ. ಎಷ್ಟು ನೀರು ಹಾಕಿ ತೊಳೆದರೂ ಹೋಗುವುದಿಲ್ಲ, ವರ್ಷಗಳ ನಂತರ ಹಳದಿ, ಕಂದು ಕಲೆಯಾಗಿ ಮೇಲೆ ಬರುತ್ತದೆ. "ಇನ್ನೂ ಅಷ್ಟೇ ಹೊತ್ತು ಇರಲಿ" ಎಂದು ಆ ಯಜಮಾನರು ಹೇಳಿದ್ದು ಈ ಎರಡನೆಯ ಹಂತಕ್ಕಾಗಿ. ಅವರಿಗೆ ಸಮೀಕರಣ ಗೊತ್ತಿತ್ತೋ ಇಲ್ಲವೋ, ಉತ್ತರ ಗೊತ್ತಿತ್ತು.

ಗಡಿಯಾರ, ರಾತ್ರಿ 11:02

ಎಲ್ಲ ಸರಿ. ಆದರೆ ಟ್ಯಾಂಕಿನ ಮುಚ್ಚಳ ಹಾಕಿರುವಾಗ ಒಳಗೆ ಹಾಲು ಹೋಯಿತೋ ಇಲ್ಲವೋ ನೋಡುವುದು ಹೇಗೆ? ಸ್ಟುಡಿಯೊದವರು ಟ್ರೇಯಲ್ಲಿ ಕಣ್ಣೆದುರು ತೊಳೆಯುತ್ತಿದ್ದರು. ನಮಗೆ ಗಡಿಯಾರವೇ ಗತಿ.

ಧಾರವಾಡದ ಮೇಷ್ಟ್ರು, ರಾತ್ರಿ 11:15

ಟ್ಯಾಂಕಿನೊಳಗೆ ನೋಡಬೇಕಾಗಿಲ್ಲ. ಟ್ಯಾಂಕಿನೊಳಗಿನ ರೀಲಿಗೆ ಸುತ್ತುವ ಮೊದಲು ಫಿಲ್ಮಿನ ತುದಿಯ ನಾಲಗೆಯನ್ನು ಕತ್ತರಿಸಿ ಎಸೆಯುತ್ತೀರಲ್ಲ, ಅದನ್ನು ಎಸೆಯಬೇಡಿ. ಹಗಲು ಬೆಳಕಿನಲ್ಲಿಯೇ, ಮಂಕಾಗಿರುವ ಬದಿಯ ಮೇಲೆ ಫಿಕ್ಸರಿನ ಒಂದು ಹನಿ ಬಿಡಿ. ಅರ್ಧ ನಿಮಿಷ ಕಾಯಿರಿ. ಆಮೇಲೆ ಇಡೀ ತುಂಡನ್ನು ಒಂದು ಲೋಟ ಫಿಕ್ಸರಿನಲ್ಲಿ ಮುಳುಗಿಸಿ ಗಡಿಯಾರ ನೋಡಿ, ಮೆಲ್ಲಗೆ ಅಲುಗಾಡಿಸುತ್ತಿರಿ. ಹನಿ ಬಿದ್ದ ಜಾಗ ಮುಂದೆ ಓಡುತ್ತದೆ, ಉಳಿದದ್ದು ಹಿಂದಿನಿಂದ ಬರುತ್ತದೆ. ಹನಿಯ ಗುರುತು ಸುತ್ತಲಿನದರೊಂದಿಗೆ ಸೇರಿ ಕಾಣದಂತಾದ ಕ್ಷಣವೇ ಆ ಫಿಲ್ಮ್ ತಿಳಿಯಾಗಲು ಬೇಕಾದ ಹೊತ್ತು. ಅದರ ಎರಡರಷ್ಟು ಫಿಕ್ಸ್ ಮಾಡಿ. ಟಿ-ಮ್ಯಾಕ್ಸ್, ಇಲ್ಫರ್ಡ್ ಡೆಲ್ಟಾ ಜಾತಿಯ ಫಿಲ್ಮ್‌ಗಳಿಗೆ ನಾನು ಮೂರರಷ್ಟು ಕೊಡುತ್ತೇನೆ.

ಹನಿಯನ್ನು ಬಿಟ್ಟು ಸುಮ್ಮನೆ ಮುಳುಗಿಸಿದರೂ ನಡೆಯುತ್ತದೆ. ಆದರೆ "ಪೂರ್ತಿ ತಿಳಿಯಾಯಿತೇ, ಇನ್ನೂ ಸ್ವಲ್ಪ ಇದೆಯೇ" ಎಂದು ಕಣ್ಣು ಮೋಸ ಹೋಗುತ್ತದೆ. ಹೋಲಿಸಿ ನೋಡಲು ಪಕ್ಕದಲ್ಲಿ ಏನಾದರೂ ಇರಬೇಕು.

ಕಡಲದಂಡೆ (ಮಂಗಳೂರು), ಭಾನುವಾರ ಬೆಳಿಗ್ಗೆ 6:30

ನಾನು ಪ್ರತಿ ರೋಲಿಗೂ ಈ ಪರೀಕ್ಷೆ ಮಾಡುತ್ತೇನೆ. ಕಾರಣ ಇಲ್ಲಿಯ ಸೆಕೆ. ಬಾಟಲಿಯ ಮೇಲಿನ ನಿಮಿಷಗಳೆಲ್ಲ 20 ಡಿಗ್ರಿಗೆ ಬರೆದದ್ದು. ನಮ್ಮ ನಲ್ಲಿಯಲ್ಲಿ ಏಪ್ರಿಲ್ ತಿಂಗಳಿನಲ್ಲಿ 31 ಡಿಗ್ರಿ ನೀರು ಬರುತ್ತದೆ. ಡೆವಲಪರನ್ನು ಐಸ್ ಹಾಕಿದ ಬೋಗುಣಿಯಲ್ಲಿಟ್ಟು 20ಕ್ಕೆ ತರುತ್ತೇನೆ, ಫಿಕ್ಸರಿಗೆ ಅಷ್ಟು ಉಪಚಾರ ಮಾಡುವುದಿಲ್ಲ. ಬಿಸಿ ಇದ್ದಷ್ಟೂ ಅದು ಬೇಗ ಕೆಲಸ ಮಾಡುತ್ತದೆ. ಆದರೆ 20ರ ಡೆವಲಪರಿನಿಂದ ನೇರವಾಗಿ 31ರ ಫಿಕ್ಸರಿಗೆ ಹಾಕುವುದು ಬೇಡ. ಜಿಲೆಟಿನ್ ಉಬ್ಬಿ ಕುಗ್ಗಿ, ಬತ್ತಿದ ಕೆರೆಯ ಕೆಸರಿನ ಹಾಗೆ ಬಿರುಕು ಬಿಟ್ಟುಕೊಳ್ಳಬಹುದು. 24ರ ಆಸುಪಾಸಿನಲ್ಲಿ ಇಡುತ್ತೇನೆ.

ಗ್ಲಾಸ್ಗೋ ಗೌಡ, ಭಾನುವಾರ ಬೆಳಿಗ್ಗೆ 11:20

ಇಲ್ಲಿ ತಿರುಗುಮುರುಗು, ಕಡಲದಂಡೆಯವರೇ. ಜನವರಿಯಲ್ಲಿ ನಲ್ಲಿಯ ನೀರು 7 ಡಿಗ್ರಿ. ಒಮ್ಮೆ ಗ್ಯಾರೇಜಿನಲ್ಲಿಟ್ಟಿದ್ದ ಫಿಕ್ಸರನ್ನು ಹಾಗೆಯೇ ಬಳಸಿ, "ಬಾಟಲಿ ಐದು ನಿಮಿಷ ಎಂದಿದೆ, ಐದು ಕೊಟ್ಟಿದ್ದೇನೆ" ಎಂದು ತೆಗೆದರೆ ಹಾಲೋ ಹಾಲು. ಈಗ ಬಕೆಟ್ ಬಿಸಿನೀರಿನಲ್ಲಿ ಎಲ್ಲ ಬಾಟಲಿಗಳನ್ನೂ ಸಾಲಾಗಿ ಕೂರಿಸುತ್ತೇನೆ. ಹೆಂಡತಿ ಅದಕ್ಕೆ ಎಣ್ಣೆಸ್ನಾನ ಎಂದು ಹೆಸರಿಟ್ಟಿದ್ದಾಳೆ.

ಹೊಸರೀಲು, ಭಾನುವಾರ ಮಧ್ಯಾಹ್ನ 12:45

ನಿನ್ನೆ ರಾತ್ರಿಯೇ ಮತ್ತೆ ಫಿಕ್ಸ್ ಮಾಡಿದೆ. ಮನೆಯಲ್ಲಿದ್ದ ಫಿಕ್ಸರಿನ ಮೂಲ ದ್ರಾವಣದಿಂದ ಹೊಸದಾಗಿ ಮಾಡಿಕೊಂಡು ಆರು ನಿಮಿಷ ಇಟ್ಟೆ. ಹಾಲು ಪೂರ್ತಿ ಹೋಯಿತು! ಗುಲಾಬಿ ಬಣ್ಣ ತುಂಬ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಆದರೆ ಆ ಮೊಟ್ಟೆಯಾಕಾರದ ಕಲೆಯ ಜಾಗ ಈಗ ಗಾಜಿನಷ್ಟು ಖಾಲಿ. ಅಲ್ಲಿ ಚಿತ್ರವೇ ಇಲ್ಲ. ಹೊಸ ಫಿಕ್ಸರ್ ಅಲ್ಲಿಯ ಬೆಳ್ಳಿಯನ್ನು ತಿಂದುಬಿಟ್ಟಿತೇ?

ಇವತ್ತು ಬೆಳಿಗ್ಗೆ ಮೇಷ್ಟ್ರು ಹೇಳಿದ ಹನಿ ಪರೀಕ್ಷೆ ಮಾಡಿದೆ. ಡಬ್ಬಿಯಲ್ಲಿ ಎರಡೂ ಫಿಲ್ಮ್‌ಗಳ ತುಂಡುಗಳಿದ್ದವು. ದ್ರಾವಣ 25 ಡಿಗ್ರಿ ಇತ್ತು.

ಹಳೆಯ ಫಿಕ್ಸರ್: ಫೋಮಾ 1 ನಿಮಿಷ 35 ಸೆಕೆಂಡ್, ಟಿ-ಮ್ಯಾಕ್ಸ್ 4 ನಿಮಿಷ 20 ಸೆಕೆಂಡ್.
ಹೊಸ ಫಿಕ್ಸರ್: ಫೋಮಾ 25 ಸೆಕೆಂಡ್, ಟಿ-ಮ್ಯಾಕ್ಸ್ 1 ನಿಮಿಷ 15 ಸೆಕೆಂಡ್.

ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ಹೊಸದನ್ನು ಬೆರೆಸುವಾಗ ಚೀಟಿಯನ್ನು ಸರಿಯಾಗಿ ಓದಿದೆ. ಫಿಲ್ಮಿಗೆ ಒಂದು ಪಾಲು ಫಿಕ್ಸರಿಗೆ ನಾಲ್ಕು ಪಾಲು ನೀರು, ಕಾಗದಕ್ಕೆ ಒಂದಕ್ಕೆ ಒಂಬತ್ತು. ಐದು ತಿಂಗಳ ಹಿಂದೆ ನಾನು ಕಾಗದದ ಸಾಲನ್ನು ಓದಿ ಬೆರೆಸಿದ್ದೆ.

ಗಡಿಯಾರ, ಮಧ್ಯಾಹ್ನ 12:58

ಸಿಕ್ಕಿತಲ್ಲ ಕಾರಣ. ಸರಿಯಾಗಿ ಬೆರೆಸಿದ್ದರೆ ನನ್ನ ಐದು ನಿಮಿಷ ಸಾಕಾಗುತ್ತಿತ್ತು. 1 ನಿಮಿಷ 15 ಸೆಕೆಂಡನ್ನು ಮೇಷ್ಟ್ರು ಹೇಳಿದಂತೆ ಮೂರರಿಂದ ಗುಣಿಸಿದರೂ ನಾಲ್ಕು ನಿಮಿಷ ದಾಟುವುದಿಲ್ಲ.

ಧಾರವಾಡದ ಮೇಷ್ಟ್ರು, ಮಧ್ಯಾಹ್ನ 1:30

ಗಡಿಯಾರ ಅವರೇ, ಹೊಸ ಫಿಕ್ಸರಿನ ಮಟ್ಟಿಗೆ ನಿಮ್ಮ ಐದು ನಿಮಿಷವನ್ನು ಒಪ್ಪುತ್ತೇನೆ. ಆದರೆ ಇವರ ಹಳೆಯ ಫಿಕ್ಸರಿನಲ್ಲಿ ನಿಮ್ಮ ಐದು ನಿಮಿಷವನ್ನೇ ಕೊಟ್ಟಿದ್ದರೆ? ಟಿ-ಮ್ಯಾಕ್ಸ್ 4 ನಿಮಿಷ 20 ಸೆಕೆಂಡಿಗೆ ತಿಳಿಯಾಗಿರುತ್ತಿತ್ತು. ಹಾಲು ಕಾಣುತ್ತಿರಲಿಲ್ಲ. "ಚೆನ್ನಾಗಿ ಬಂದಿದೆ" ಎಂದು ಒಣಗಿಸಿ ಕವರಿಗೆ ಹಾಕಿ ಮರೆತುಬಿಡುತ್ತಿದ್ದರು. ಅಲ್ಲಿ ಬೇಕಾಗಿದ್ದದ್ದು ಕನಿಷ್ಠ 8 ನಿಮಿಷ 40 ಸೆಕೆಂಡ್. ಮೂರು ನಿಮಿಷಕ್ಕೆ ತೆಗೆದದ್ದರಿಂದ ತಪ್ಪು ಕಣ್ಣಿಗೆ ಬಿತ್ತು. ಐದಕ್ಕೆ ತೆಗೆದಿದ್ದರೆ ಹದಿನೈದು ವರ್ಷಗಳ ನಂತರ ಬೀಳುತ್ತಿತ್ತು.

ಹೊಸರೀಲು, ನಿಮ್ಮ ಫೋಮಾ ಲೆಕ್ಕವನ್ನೂ ನೋಡಿ. ಹಳೆಯ ದ್ರಾವಣದಲ್ಲಿ 1:35, ಅದರ ಎರಡರಷ್ಟು 3:10. ನೀವು ಕೊಡುತ್ತಿದ್ದದ್ದು ಮೂರು ನಿಮಿಷ. ಮೊದಲ ರೋಲುಗಳ ಕಾಲಕ್ಕೆ ದ್ರಾವಣ ಇನ್ನೂ ಗಟ್ಟಿಯಾಗಿತ್ತು, ಅವು ಪಾರಾಗಿವೆ. ಕೊನೆಯ ಎರಡು ಮೂರು ರೋಲುಗಳು ಅಂಚಿನಲ್ಲಿ ನಿಂತಿವೆ. ಅವನ್ನೂ ಹೊಸ ಫಿಕ್ಸರಿನಲ್ಲಿ ಮತ್ತೊಮ್ಮೆ ಅದ್ದಿ ತೊಳೆದುಬಿಡಿ. ಕಾಸಿನ ಖರ್ಚಿಲ್ಲ.

ಟಿ-ಮ್ಯಾಕ್ಸ್ ಯಾಕೆ ಇಷ್ಟು ತಡ ಎಂದರೆ, ಅದರ ಹರಳುಗಳು ಚಪ್ಪಟೆ ಬಿಲ್ಲೆಗಳಂತಿವೆ, ಮತ್ತು ಅಂಥ ಫಿಲ್ಮ್‌ಗಳಲ್ಲಿ ಅಯೋಡೈಡ್ ಪಾಲು ಹೆಚ್ಚು. ಬ್ರೋಮೈಡಿಗಿಂತ ಅಯೋಡೈಡ್ ಕರಗುವುದು ಕಷ್ಟ. ಅದು ಫಿಕ್ಸರಿಗೆ ಇಳಿದ ಮೇಲೆ ಮುಂದಿನ ರೋಲುಗಳನ್ನೂ ನಿಧಾನಗೊಳಿಸುತ್ತದೆ. ಒಂದು ಟಿ-ಮ್ಯಾಕ್ಸ್ ತೊಳೆದರೆ ನಾನು ರೋಲುಗಳ ಲೆಕ್ಕದ ಪುಸ್ತಕದಲ್ಲಿ ಎರಡು ಗೆರೆ ಹಾಕಿಕೊಳ್ಳುತ್ತೇನೆ.

ಗುಲಾಬಿಯ ಬಗ್ಗೆ: ಎಲ್ಲ ಬಣ್ಣದ ಬೆಳಕನ್ನೂ ಗ್ರಹಿಸಲಿ ಎಂದು ಫಿಲ್ಮಿಗೆ ಹಾಕಿರುವ ಬಣ್ಣ ಅದು, ಹರಳುಗಳಿಗೆ ಅಂಟಿಕೊಂಡಿರುತ್ತದೆ. ಫಿಕ್ಸರ್ ದುರ್ಬಲವಾಗಿದ್ದರೆ ಗಾಢವಾಗಿ ಉಳಿಯುತ್ತದೆ. ಆ ಮಟ್ಟಿಗೆ ಅದು ಎಚ್ಚರಿಕೆಯ ಗಂಟೆ. ಸರಿಯಾಗಿ ಫಿಕ್ಸ್ ಆದ ಮೇಲೆ ಉಳಿಯುವ ತೆಳು ಛಾಯೆಯಿಂದ ಹಾನಿಯಿಲ್ಲ. ನೂರು ಮಿಲಿಗೆ ಎರಡು ಗ್ರಾಂ ಸೋಡಿಯಂ ಸಲ್ಫೈಟ್ ಕರಗಿಸಿದ ನೀರಿನಲ್ಲಿ ಎರಡು ನಿಮಿಷ ಆಡಿಸಿ ತೊಳೆದರೆ ಬಹುಪಾಲು ಅದೂ ಬಿಡುತ್ತದೆ.

ತುಂಗಾತೀರ, ಮಧ್ಯಾಹ್ನ 2:10

ಆ ಮೊಟ್ಟೆಯಾಕಾರದ ಕಲೆಗೆ ಉತ್ತರ ನನ್ನದು. ಅದು ಫಿಕ್ಸರಿನ ತಪ್ಪಲ್ಲ. ರೀಲಿಗೆ ಸುತ್ತುವಾಗ ಒಂದು ಸುತ್ತು ತೋಡಿನಿಂದ ಹಾರಿ ಪಕ್ಕದ ಸುತ್ತಿಗೆ ಅಂಟಿಕೊಂಡಿದೆ. ಅಂಟಿದ ಜಾಗಕ್ಕೆ ಡೆವಲಪರೂ ಹೋಗಲಿಲ್ಲ, ಫಿಕ್ಸರೂ ಹೋಗಲಿಲ್ಲ. ಹಾಗಾಗಿ ಅಲ್ಲಿ ದಪ್ಪ ಹಾಲು ಉಳಿಯಿತು. ನೀವು ಮತ್ತೆ ಫಿಕ್ಸ್ ಮಾಡಿದಾಗ ಹಾಲು ಹೋಯಿತು. ಆದರೆ ಡೆವಲಪ್ ಆಗದ ಜಾಗದಲ್ಲಿ ಚಿತ್ರ ಎಲ್ಲಿಂದ ಬರಬೇಕು? ನಿನ್ನೆಯೇ ಇದನ್ನು ಹೇಳಬಹುದಿತ್ತು. ರಾತ್ರಿಯೆಲ್ಲ ನೀವು ನಿದ್ದೆಗೆಡುವುದು ಬೇಡ ಎಂದು ಸುಮ್ಮನಿದ್ದೆ.

ಪ್ಲಾಸ್ಟಿಕ್ ರೀಲು ತೋರಿಕೆಗೆ ಒಣಗಿದ ಹಾಗಿದ್ದರೂ ತೋಡಿನೊಳಗೆ ತೇವ ಉಳಿದಿರುತ್ತದೆ. ಒಂದು ದಿನ ಬಿಸಿಲಿಗಿಟ್ಟು ಬಳಸಿ.

ಹೊಸರೀಲು, ಮಧ್ಯಾಹ್ನ 2:14

ಹಾಗಿದ್ದರೆ ಅಜ್ಜಿಯ ಬಲಗೈ ಹೋಯಿತು. ಸಂಡಿಗೆ ಉಳಿದಿದೆ.

ಹುಬ್ಬಳ್ಳಿ ಹೈಪೋ, ಸಂಜೆ 5:25

ಈ ಬಾಟಲಿ ಫಿಕ್ಸರ್‌ಗಳ ಬೆಲೆ ನೋಡಿ ಸಾಕಾಗಿದೆ. ಅಲಂಕಾರಿಕ ಮೀನು ಮಾರುವ ಅಂಗಡಿಯಲ್ಲಿ ನೀರಿನ ಕ್ಲೋರಿನ್ ತೆಗೆಯಲು ಹೈಪೋ (ಥಯೋಸಲ್ಫೇಟ್) ಹರಳು ಮಾರುತ್ತಾರೆ. ಒಂದು ಲೀಟರಿಗೆ 250 ಗ್ರಾಂ ಹಾಕಿ ಫಿಕ್ಸ್ ಮಾಡುತ್ತಿದ್ದೇನೆ. ಚಿತ್ರ ಬರುತ್ತದೆ. ಬೇಗ ಆಗಲಿ ಎಂದು ಕಳೆದ ವಾರ 500 ಗ್ರಾಂ ಹಾಕಿದೆ, ಬೇಗ ಆಗಲಿಲ್ಲ. ಫಿಕ್ಸರ್ ಆಮ್ಲೀಯವಾಗಿರಬೇಕು ಎಂದು ಎಲ್ಲೋ ಓದಿ ಅಡುಗೆಮನೆಯ ವಿನೆಗರ್ ಸುರಿದೆ. ಅರ್ಧ ಗಂಟೆಯಲ್ಲಿ ದ್ರಾವಣವೇ ಹಾಲಾಯಿತು, ಬೆಂಕಿಕಡ್ಡಿ ಗೀರಿದ ವಾಸನೆ ಬಂತು. ಮೀನಿನ ಅಂಗಡಿಯ ಹರಳು ಕಲಬೆರಕೆಯೇ?

ಧಾರವಾಡದ ಮೇಷ್ಟ್ರು, ಸಂಜೆ 6:05

ಅಂಗಡಿಯವನನ್ನು ಬಯ್ಯಬೇಡಿ, ವಿನೆಗರ್ ಸುರಿದವರು ನೀವು. ಬರಿಯ ಥಯೋಸಲ್ಫೇಟಿಗೆ ಆಮ್ಲ ಬಿದ್ದರೆ ಅದು ಒಡೆದು ಗಂಧಕ ಹೊರಬರುತ್ತದೆ. ಬಿಳಿಯಾದದ್ದು ಗಂಧಕದ ಪುಡಿ, ವಾಸನೆ ಸಲ್ಫರ್ ಡೈಆಕ್ಸೈಡ್‌ನದು. ಅಂಥ ದ್ರಾವಣಕ್ಕೆ ಫಿಲ್ಮ್ ಹಾಕಬೇಡಿ, ಗಂಧಕದ ಕಣಗಳು ಅಂಟಿಕೊಳ್ಳುತ್ತವೆ. ಆಮ್ಲೀಯ ಫಿಕ್ಸರ್ ಬೇಕಿದ್ದರೆ ಸಲ್ಫೈಟ್ ಜೊತೆಗಿರಬೇಕು. ಕೊಡ್ಯಾಕ್‌ನ ಹಳೆಯ ಎಫ್-24 ಸೂತ್ರ ಸುಲಭ: ಸುಮಾರು 50 ಡಿಗ್ರಿಯ ಅರ್ಧ ಲೀಟರ್ ನೀರಿಗೆ ಹೈಪೋ ಹರಳು 240 ಗ್ರಾಂ, ಸೋಡಿಯಂ ಸಲ್ಫೈಟ್ 10 ಗ್ರಾಂ, ಸೋಡಿಯಂ ಬೈಸಲ್ಫೈಟ್ 25 ಗ್ರಾಂ, ಇದೇ ಕ್ರಮದಲ್ಲಿ ಕರಗಿಸಿ, ಆಮೇಲೆ ಒಂದು ಲೀಟರಿಗೆ ನೀರು ತುಂಬಿಸಿ. ಬಿಸಿನೀರು ಯಾಕೆ ಎಂಬುದು ಪಾತ್ರೆ ಮುಟ್ಟಿದರೆ ಗೊತ್ತಾಗುತ್ತದೆ. ಹೈಪೋ ಕರಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ. ತಣ್ಣೀರಿನಲ್ಲಿ ಕರಗಿಸಿದರೆ ಪಾತ್ರೆಯ ಹೊರಮೈ ಬೆವರುವಷ್ಟು ತಣ್ಣಗಾಗುತ್ತದೆ, ಹರಳು ತಳದಲ್ಲಿ ಕುಳಿತಿರುತ್ತದೆ.

500 ಗ್ರಾಂ ಹಾಕಿಯೂ ಬೇಗ ಆಗದ ಕಾರಣ: ಒಂದು ಮಿತಿಯವರೆಗೆ ಮಾತ್ರ ಗಟ್ಟಿಯಾದಷ್ಟೂ ವೇಗ ಹೆಚ್ಚುತ್ತದೆ. ನೂರಕ್ಕೆ ನಲವತ್ತು ದಾಟಿದರೆ ಜಿಲೆಟಿನ್ ಸರಿಯಾಗಿ ಉಬ್ಬುವುದಿಲ್ಲ, ದ್ರಾವಣ ಒಳಗೆ ಇಳಿಯುವುದೇ ನಿಧಾನವಾಗುತ್ತದೆ. ಬಾಟಲಿಯಲ್ಲಿ ಬರುವ ರ್‍ಯಾಪಿಡ್ ಫಿಕ್ಸರ್‌ನಲ್ಲಿರುವುದು ಅಮೋನಿಯಂ ಥಯೋಸಲ್ಫೇಟ್. ವೇಗ ಅಲ್ಲಿದೆ. ನಿಮ್ಮ ಹರಳು ಸೋಡಿಯಂ ಥಯೋಸಲ್ಫೇಟ್. ಅದೂ ಅದೇ ಕೆಲಸವನ್ನು ಅಷ್ಟೇ ಚೆನ್ನಾಗಿ ಮಾಡುತ್ತದೆ, ಆದರೆ ಎತ್ತಿನ ಗಾಡಿಯಲ್ಲಿ ಬರುತ್ತದೆ. ಹನಿ ಪರೀಕ್ಷೆ ಮಾಡದೆ ಅದರಲ್ಲಿ ಟಿ-ಮ್ಯಾಕ್ಸ್ ಹಾಕಬೇಡಿ.

ಹೈಪೋ ಎಂಬ ಹೆಸರೇ ಒಂದು ಹಳೆಯ ತಪ್ಪು. ಈ ಲವಣ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಎಂದು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲಿಯೇ ಕಂಡುಕೊಂಡಿದ್ದರು. ಆಗ ಅದನ್ನು ಹೈಪೋಸಲ್ಫೈಟ್ ಎಂದು ಕರೆಯುತ್ತಿದ್ದರು. ಇಪ್ಪತ್ತು ವರ್ಷಗಳ ನಂತರ, 1839ರಲ್ಲಿ, ಛಾಯಾಗ್ರಹಣವನ್ನು ಮೊದಲು ರೂಪಿಸಿದವರಲ್ಲಿ ಒಬ್ಬರಾದ ಟ್ಯಾಲ್ಬಟ್ ತಮ್ಮ ಚಿತ್ರಗಳು ಬೆಳಕಿಗೆ ಅಳಿಯದಂತೆ ಉಪ್ಪುನೀರಿನಲ್ಲಿ ಅದ್ದುತ್ತಿದ್ದಾಗ ಹರ್ಷೆಲ್ ಇದನ್ನು ತೋರಿಸಿಕೊಟ್ಟರು. ರಸಾಯನಶಾಸ್ತ್ರ ಹೆಸರನ್ನು ತಿದ್ದಿಕೊಂಡಿತು, ಡಾರ್ಕ್ ರೂಮ್ ತಿದ್ದಿಕೊಳ್ಳಲಿಲ್ಲ.

ತುಂಗಾತೀರ, ಸಂಜೆ 7:20

ನಮ್ಮ ಕಾಲದಲ್ಲಿ ಹೈಪೋ ಗೋಣಿಚೀಲದಲ್ಲಿ ಬರುತ್ತಿತ್ತು. ಕಲ್ಲುಸಕ್ಕರೆ ಎಂದು ಬಾಯಿಗೆ ಹಾಕಿಕೊಂಡ ಹುಡುಗನೊಬ್ಬನಿದ್ದ, ಅವನು ಈಗ ಈ ಸಾಲನ್ನು ಬರೆಯುತ್ತಿದ್ದಾನೆ. ಊಟಿಯ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ತಯಾರಿಸುತ್ತಿದ್ದ ‘ಇಂದು’ ಫಿಲ್ಮ್, ಕಾಗದಗಳೇ ನಮ್ಮ ಅನ್ನ. ಹಾಲು ಹೋಗುವುದಕ್ಕೆ ಬೇಸಿಗೆಯಲ್ಲಿ ಒಂದು ಹೊತ್ತು, ಆಗುಂಬೆಯ ಕಡೆಯಿಂದ ಮಳೆ ಹಿಡಿದರೆ ಇನ್ನೊಂದು ಹೊತ್ತು. ಯಜಮಾನರು ಅದಕ್ಕೇ ನಿಮಿಷ ಹೇಳುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ.

ಜಾಸ್ತಿ ಹೊತ್ತು ಇಟ್ಟರೆ ಕರಗುತ್ತದೆಯೇ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಐದರ ಬದಲು ಹತ್ತಾದರೆ ಏನೂ ಆಗುವುದಿಲ್ಲ. ಆದರೆ 1979ರ ಒಂದು ಮದುವೆಯ ಫಿಲ್ಮನ್ನು ನಾನು ಹೈಪೋದಲ್ಲಿ ಬಿಟ್ಟು, ಊಟಕ್ಕೆಂದು ಹೋಗಿ, ಯಕ್ಷಗಾನ ನೋಡಲು ಕುಳಿತು ಬೆಳಿಗ್ಗೆ ಬಂದೆ. ನೆಗೆಟಿವ್‌ನಲ್ಲಿ ತೆಳ್ಳಗಿರುವ ಭಾಗವೇ ಮೊದಲು ಹೋಗುವುದು. ವರನ ಕರಿಕೋಟಿನ ಗುಂಡಿ, ಜೇಬು ಎಲ್ಲ ಮಾಯವಾಗಿ ಪ್ರಿಂಟಿನಲ್ಲಿ ಕರಿಯ ಕಂಬಳಿ ಹೊದ್ದ ಹಾಗೆ ಕಾಣಿಸಿದ. ಯಜಮಾನರು ಬಯ್ಯಲಿಲ್ಲ. ಆ ಚಿತ್ರಗಳನ್ನು ಮದುವೆಯ ಮನೆಗೆ ನನ್ನ ಕೈಯಲ್ಲೇ ಕೊಟ್ಟು ಕಳಿಸಿದರು.

ಕಡಿಮೆ ಹೊತ್ತಿನ ಕಥೆಯೂ ಇದೆ. 1981ರಲ್ಲಿ ಗುರುತುಚೀಟಿಯ ಫೋಟೊಗಳ ರಾಶಿ ಬಂತು. ದಿನಕ್ಕೆ ನಲವತ್ತು ಮುಖ, ಒಂದೇ ಟ್ರೇ ಹೈಪೋ, ಹಾಲು ಹೋದ ಕೂಡಲೇ ತೆಗೆದು ನೀರಿಗೆ. ಆ ಡಬ್ಬ ಇನ್ನೂ ನನ್ನ ಅಟ್ಟದಲ್ಲಿದೆ. ಮುಖಗಳ ಮೇಲೆಲ್ಲ ಅಡಿಕೆ ಚೊಗರಿನ ಬಣ್ಣದ ಕಲೆ. ಅದಕ್ಕೂ ಹಿಂದೆ, ಅರವತ್ತರ ದಶಕದಲ್ಲಿ ಯಜಮಾನರು ತಾವೇ ತೊಳೆದ ನೆಗೆಟಿವ್‌ಗಳು ಅದೇ ಅಟ್ಟದಲ್ಲಿ, ಅದೇ ಮಳೆಗಾಲಗಳನ್ನು ಕಂಡೂ ಸ್ವಚ್ಛವಾಗಿವೆ.

ಗಡಿಯಾರ, ಸಂಜೆ 7:55

ಈ ಕಥೆ ಓದಿ ಎದ್ದು ಹೋಗಿ ನನ್ನ 2016ರ ಕಡತ ತೆಗೆದು ನೋಡಿದೆ. ಎರಡು ಪಟ್ಟಿಗಳ ಅಂಚಿನಲ್ಲಿ ಹಳದಿ ಇದೆ. ಕವರಿನದ್ದಿರಬಹುದು ಎಂದುಕೊಂಡೆ, ಒರೆಸಿದೆ, ಹೋಗಲಿಲ್ಲ. ಆ ವರ್ಷ ಒಂದು ಬಾಟಲಿಯನ್ನು ಬಹಳ ದಿನ ಎಳೆದಾಡಿದ್ದು ನೆನಪಿದೆ. ಮೇಷ್ಟ್ರೇ, ಫಿಕ್ಸರ್ ಸತ್ತಿದೆ ಎಂದು ತೀರ್ಮಾನಿಸುವುದು ಯಾವಾಗ?

ಧಾರವಾಡದ ಮೇಷ್ಟ್ರು, ರಾತ್ರಿ 8:30

ಹೊಸದಾಗಿ ಬೆರೆಸಿದ ದಿನ ಯಾವುದಾದರೂ ಒಂದು ಫಿಲ್ಮಿನ ತುಂಡು ಹಾಕಿ, ಎಷ್ಟು ಸೆಕೆಂಡಿಗೆ ತಿಳಿಯಾಯಿತು ಎಂದು ಬಾಟಲಿಯ ಮೇಲೆಯೇ ಬರೆದಿಡಿ. ಅದೇ ಫಿಲ್ಮಿಗೆ ಅದರ ಎರಡರಷ್ಟು ಹೊತ್ತು ಹಿಡಿಯುವ ದಿನ ಆ ದ್ರಾವಣದ ಆಯುಸ್ಸು ಮುಗಿಯಿತು. ಹೊಸರೀಲು ಅವರದು ಸುಮಾರು ಮೂರೂವರೆ ಪಟ್ಟು ಆಗಿತ್ತು, ಆದರೆ ಅದರಲ್ಲಿ ತೆಳುವಾಗಿ ಬೆರೆಸಿದ್ದರ ಪಾಲೂ ಇದೆ. ಇಲ್ಫರ್ಡ್ ತನ್ನ ರ್‍ಯಾಪಿಡ್ ಫಿಕ್ಸರ್ ಒಂದಕ್ಕೆ ನಾಲ್ಕರಂತೆ ಬೆರೆಸಿದ ಒಂದು ಲೀಟರಿಗೆ 36 ಚಿತ್ರಗಳ 24 ರೋಲ್ ಎನ್ನುತ್ತದೆ. ನಾನು ಹದಿನೈದಕ್ಕೇ ನಿಲ್ಲಿಸುತ್ತೇನೆ. ಅರ್ಧ ಖಾಲಿ ಬಾಟಲಿಯಲ್ಲಿ ಗಾಳಿ ಸೇರಿಯೂ ಅದು ಕೆಡುತ್ತದೆ. ರೋಲುಗಳ ಎಣಿಕೆಗೆ ಅದು ಗೊತ್ತಾಗುವುದಿಲ್ಲ, ಫಿಲ್ಮಿನ ತುಂಡಿಗೆ ಗೊತ್ತಾಗುತ್ತದೆ.

ಎರಡು ಬಾಟಲಿಗಳ ಪದ್ಧತಿ ಇನ್ನೂ ಒಳ್ಳೆಯದು. ಅರ್ಧ ಹೊತ್ತು ಹಳೆಯದರಲ್ಲಿ, ಉಳಿದರ್ಧ ಹೊಸದರಲ್ಲಿ. ಕೊಳೆಯನ್ನೆಲ್ಲ ಹಳೆಯದು ಹೊರುತ್ತದೆ. ಅದು ಮುಗಿದ ದಿನ ಚೆಲ್ಲಿ, ಎರಡನೆಯದಕ್ಕೆ ಬಡ್ತಿ ಕೊಡಿ.

ಕಡಲದಂಡೆ, ರಾತ್ರಿ 8:41

ಚೆಲ್ಲುವುದು ಎಂದರೆ ಎಲ್ಲಿಗೆ? ನಾನು ಇದುವರೆಗೆ ತೆಂಗಿನ ಬುಡಕ್ಕೆ ಹಾಕುತ್ತಿದ್ದೆ.

ಧಾರವಾಡದ ಮೇಷ್ಟ್ರು, ರಾತ್ರಿ 8:50

ಬೇಡ. ಬಳಸಿದ ಫಿಕ್ಸರಿನಲ್ಲಿ ಕರಗಿದ ಬೆಳ್ಳಿ ಇದೆ. ನೀರಿನ ಜೀವಿಗಳಿಗೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಅದು ಆಗದು. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಶೇಖರಿಸಿ, ಅದರೊಳಗೆ ಮರಗೆಲಸದವರು ಪಾಲಿಷ್ ಮಾಡುವಾಗ ಉಜ್ಜುವ ಉಕ್ಕಿನ ನಾರು ಹಾಕಿ ಕೆಲವು ದಿನ ಬಿಡಿ. ಕಬ್ಬಿಣ ಕರಗಿ, ಬೆಳ್ಳಿ ಕಪ್ಪು ಕೆಸರಾಗಿ ತಳಕ್ಕೆ ಬರುತ್ತದೆ. ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ನಾರಿನಿಂದ ಉಪಯೋಗವಿಲ್ಲ, ತುಕ್ಕು ಹಿಡಿಯುವಂಥದ್ದೇ ಬೇಕು.

ಇನ್ನೊಂದು ಮಾತು, ಇದು ತಮಾಷೆಯಲ್ಲ. ಬಚ್ಚಲಲ್ಲಿ ಫಿಲ್ಮ್ ತೊಳೆಯುವವರು, ಮನೆಯವರು ಅಲ್ಲಿ ಬ್ಲೀಚಿಂಗ್ ಪುಡಿ ಹಾಕಿದ್ದಾರೆಯೇ ಎಂದು ಕೇಳಿಕೊಳ್ಳಿ. ಆಮ್ಲೀಯ ಫಿಕ್ಸರ್ ಅದರ ಮೇಲೆ ಬಿದ್ದರೆ ವಿಷಾನಿಲ ಏಳುತ್ತದೆ.

ತುಂಗಾತೀರ, ರಾತ್ರಿ 9:05

ನಮ್ಮಲ್ಲಿಗೆ ಬೆಳ್ಳಿಯವನು ತಿಂಗಳಿಗೊಮ್ಮೆ ಬರುತ್ತಿದ್ದ. ಹಳೆಯ ಹೈಪೋ, ಕತ್ತರಿಸಿದ ಕಾಗದದ ಚೂರು ಎಲ್ಲ ಒಯ್ಯುತ್ತಿದ್ದ. ಆ ದುಡ್ಡಿನಲ್ಲಿ ಹುಡುಗರಿಗೆ ಮಸಾಲೆ ದೋಸೆ.

ಗ್ಲಾಸ್ಗೋ ಗೌಡ, ರಾತ್ರಿ 10:30

ಫಿಕ್ಸ್ ಆದ ಮೇಲೆ ತೊಳೆಯಲು ಎಷ್ಟು ನೀರು ಎಂದು ಯಾರೂ ಹೇಳಲಿಲ್ಲ. ಅರ್ಧ ಗಂಟೆ ನಲ್ಲಿ ಬಿಡುವವರಿದ್ದಾರೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ತಂಗಿಯ ಮನೆಯಲ್ಲಿ ಟ್ಯಾಂಕರಿಗೆ ಕಾದವನು ನಾನು, ನನಗೆ ಅದು ಸಾಧ್ಯವಿಲ್ಲ. ಇಲ್ಫರ್ಡ್ ಹೇಳುವ ರೀತಿ: ಟ್ಯಾಂಕಿಗೆ ನೀರು ತುಂಬಿ ಐದು ಸಲ ತಲೆಕೆಳಗು ಮಾಡಿ ಚೆಲ್ಲಿ, ಮತ್ತೆ ತುಂಬಿ ಹತ್ತು ಸಲ, ಮತ್ತೆ ತುಂಬಿ ಇಪ್ಪತ್ತು ಸಲ. ಒಂದು ರೋಲಿಗೆ ಒಂದು ಲೀಟರಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಜಿಲೆಟಿನ್ ಪದರವನ್ನು ಗಟ್ಟಿಗೊಳಿಸುವ ಹಾರ್ಡನರ್ ಇಲ್ಲದ ಫಿಕ್ಸರಿಗೆ ಮಾತ್ರ ಇದು. ಎಕ್ಸ್‌ರೇ ಫಿಕ್ಸರ್ ಪುಡಿ ಬಳಸುವವರು ಪೊಟ್ಟಣ ಓದಿ, ಹಾರ್ಡನರ್ ಇದ್ದರೆ ಹೆಚ್ಚು ತೊಳೆಯಬೇಕು. ಕೊನೆಯ ನೀರು ಮಾತ್ರ ಬೋರ್‌ವೆಲ್ಲಿನದು ಬೇಡ, ಒಣಗಿದ ಮೇಲೆ ಸುಣ್ಣದ ಚುಕ್ಕೆ ಬೀಳುತ್ತದೆ.

ಹೊಸರೀಲು, ಸೋಮವಾರ ಸಂಜೆ 6:40

ಕೊನೆಯ ಮೂರು ಫೋಮಾ ರೋಲುಗಳನ್ನು ಮತ್ತೆ ಫಿಕ್ಸ್ ಮಾಡಿ, ಐದು-ಹತ್ತು-ಇಪ್ಪತ್ತು ಲೆಕ್ಕದಲ್ಲಿ ತೊಳೆದೆ. ಟಿ-ಮ್ಯಾಕ್ಸ್‌ನ ಗುಲಾಬಿ ಸಲ್ಫೈಟ್ ನೀರಿಗೆ ಬಿಟ್ಟಿತು. ಹೊಸ ಬಾಟಲಿಯ ಮೇಲೆ "ಫೋಮಾ 25 ಸೆಕೆಂಡ್, ಟಿ-ಮ್ಯಾಕ್ಸ್ 75" ಎಂದು ಬರೆದಿದ್ದೇನೆ. ಹಳೆಯ ಫಿಕ್ಸರ್ ಡಬ್ಬಿಯಲ್ಲಿ ಉಕ್ಕಿನ ನಾರಿನ ಜೊತೆ ಮಲಗಿದೆ.

ಅಜ್ಜಿಗೆ ಚಿತ್ರ ತೋರಿಸಿದೆ. "ನನ್ನ ಕೈ ಎಲ್ಲಿ?" ಎಂದು ಕೇಳಿದರು. ಡೆವಲಪರ್ ಮುಟ್ಟಲಿಲ್ಲ ಎಂದು ವಿವರಿಸಿದೆ. "ಹಿಟ್ಟು ಇನ್ನೂ ಉಳಿದಿದೆ, ನಾಳೆ ಬಿಸಿಲು ಬಂದರೆ ಬಾ" ಎಂದಿದ್ದಾರೆ.

ತುಂಗಾತೀರ, ಸೋಮವಾರ ಸಂಜೆ 7:02

ರೀಲನ್ನೂ ಸಂಡಿಗೆಯ ಪಕ್ಕದಲ್ಲೇ ಒಣಗಲು ಇಡಿ.